ಎರಡಿಂಚು ಇಳಿದ ಕಾರು

ಹಿಂದೂಪುರದಲ್ಲಿ ಕಾರನ್ನು ನೆಲಕ್ಕೆ ಇಳಿಸಿಕೊಂಡು ಓಡಾಡುವ ಹುಡುಗರು ಬೇಕಾದಷ್ಟಿದ್ದಾರೆ. ಸ್ಪ್ರಿಂಗ್ ಬದಲಾಯಿಸಿ, ಚಕ್ರದ ಮೇಲಿನ ಸಂದು ಮುಚ್ಚಿಹೋಗುವ ಹಾಗೆ ಮಾಡಿಕೊಂಡು, ಸಂಜೆ ಹೊತ್ತು ಪೆನುಕೊಂಡ ರಸ್ತೆಯಲ್ಲಿ ಎರಡು ಸುತ್ತು ಹೊಡೆದು ಬರುತ್ತಾರೆ. ನನಗೆ ಐವತ್ತು ತುಂಬುತ್ತಿದೆ. ತಲೆಯಲ್ಲಿ ಕೂದಲಿಗಿಂತ ಬಯಲೇ ಹೆಚ್ಚು. ಕಸುಬು ಬೋರ್‌ವೆಲ್ ಮೋಟಾರುಗಳಿಗೆ ವೈಂಡಿಂಗ್ ಮಾಡುವುದು. ನಾನೂ ಕಾರು ಇಳಿಸಿದೆ. ಮನೆಯ ಅಂಗಳದಲ್ಲಿ, ನನ್ನ ಕೈಯಾರೆ, ಎರಡು ಇಂಚು. ಹೆಂಡತಿ ಯಾರ ಕೈಯಲ್ಲೂ ಎತ್ತಿಸಿಕೊಳ್ಳದೆ ತಾನೇ ಹತ್ತಿ ಕೂತು ಕಲ್ಯಾಣದುರ್ಗದ ತವರುಮನೆಗೆ ಹೋಗುವಂತಾಗಲಿ ಅನ್ನುವುದೊಂದೇ ಅದಕ್ಕೆ ಕಾರಣ.

ಅವಳು ಬಿದ್ದದ್ದು ನನ್ನ ಸ್ಕೂಟರಿನಿಂದ. ಸಂಕ್ರಾಂತಿ ಕಳೆದ ವಾರ, ಲೇಪಾಕ್ಷಿ ಕಡೆ ಒಂದು ಗೃಹಪ್ರವೇಶ ಮುಗಿಸಿಕೊಂಡು ಬರುತ್ತಿದ್ದೆವು. ನಮ್ಮ ಕಡೆ ಹುರುಳಿ ಕಿತ್ತ ಮೇಲೆ ಕಣ ಮಾಡುವವರು ಈಗ ಕಡಿಮೆ. ಬಳ್ಳಿಯನ್ನು ತಂದು ಟಾರು ರಸ್ತೆಗೇ ಹರಡಿಬಿಡುತ್ತಾರೆ, ಬಸ್ಸು ಲಾರಿಗಳ ಚಕ್ರವೇ ಒಕ್ಕಣೆ ಮಾಡಿಕೊಡುತ್ತದೆ. ಅವತ್ತು ರಸ್ತೆಯ ಅಗಲಕ್ಕೂ ಹುರುಳಿ ಹರಡಿತ್ತು. ಹಿಂದೆ ಕೂತಿದ್ದವಳು, "ಬಾವ, ನಿಲ್ಸು, ನಾನು ಇಳ್ದು ನಡ್ಕಂಡ್ ಬತ್ತೀನಿ" ಅಂದಳು. ಅವಳು ನನ್ನ ಸೋದರಮಾವನ ಮಗಳು. ಲಂಗ ಉಡುತ್ತಿದ್ದ ಕಾಲದಿಂದ ನನ್ನನ್ನು ಬಾವ ಅಂತಲೇ ಕರೆದವಳು, ಮದುವೆಯಾದ ಮೇಲೂ ಅದು ಬದಲಾಗಲಿಲ್ಲ. ನಾನು ನಿಲ್ಲಿಸಲಿಲ್ಲ. ಹುಟ್ಟಿದಾಗಿನಿಂದ ಇಂಥ ಹುರುಳಿಯ ಮೇಲೆ ಓಡಾಡಿದವನು ನಾನು. "ಏನಾಗಲ್ಲ, ಕುಂತ್ಕ" ಅಂದೆ. ಬಳ್ಳಿಯ ಕೆಳಗೆ ಕಾಳು ಉದುರಿ ರಾಶಿಯಾಗಿತ್ತು. ಚಕ್ರ ಅದರ ಮೇಲೆ ಉರುಳಿ ಪಕ್ಕಕ್ಕೆ ಜಾರಿತು. ನನಗೆ ಮೊಣಕೈ ತರಚಿತು. ಅವಳ ಎಡತೊಡೆಯ ಮೂಳೆ ಸೊಂಟದ ಹತ್ತಿರ ಮುರಿಯಿತು.

ಮೊದಲ ಆಪರೇಷನ್ನಿನ ಗಾಯ ಕೀವಾಯಿತು, ಎರಡನೆಯದು ಮಾಡಿದರು. ಎಡಗಾಲು ಸಣಕಲಾಗಿ ಒಂದಿಷ್ಟು ಗಿಡ್ಡವೂ ಆಯಿತು. ಈಗ ವಾಕರ್ ಹಿಡಿದು ಮನೆಯೊಳಗೆ ನಡೆಯುತ್ತಾಳೆ. ಮಗಳು ಅನಂತಪುರದಲ್ಲಿ ಹಾಸ್ಟೆಲ್ಲಿನಲ್ಲಿದ್ದು ಓದುವುದರಿಂದ ಮನೆಯಲ್ಲಿ ನಾವಿಬ್ಬರೇ. ಈ ಒಂದೂವರೆ ವರ್ಷದಲ್ಲಿ ನನ್ನ ಹೆಂಡತಿ ನನ್ನ ಮೇಲೆ ಒಂದೇ ಒಂದು ತಪ್ಪು ಹೊರಿಸಲಿಲ್ಲ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ, ಇವತ್ತಲ್ಲ ನಾಳೆ ಆ ಮಾತು ಬಂದೇ ಬರುತ್ತದೆ ಅಂತ ನಾನು ದಿನಾ ಕಾದೆ. ಬರಲಿಲ್ಲ. ಮೊದಲು ಅವಳು ಸೊಪ್ಪಿನವಳ ಹತ್ತಿರ ಅರ್ಧ ಗಂಟೆ ಜಗಳವಾಡಿ, ಆಮೇಲೆ ಅವಳಿಗೇ ಕಾಫಿ ಕೊಟ್ಟು ಕಳಿಸುವ ಹೆಂಗಸು. ಬಿದ್ದ ಮೇಲೆ ಅವಳ ಮಾತು ಮೂರಕ್ಕೆ ಇಳಿಯಿತು. ಉಂಡ್ಯಾ. ಮಾತ್ರೆ ಕೊಡು. ಲೈಟ್ ಆರ್ಸು.

ನನಗೆ ದುಃಖವಾಗಲಿಲ್ಲ. ಇದನ್ನು ನೇರವಾಗಿ ಹೇಳಿಬಿಡುವುದೇ ಒಳ್ಳೆಯದು. ಆಸ್ಪತ್ರೆಗೆ ನೋಡಲು ಬಂದವರೆಲ್ಲ, ಪಾಪ ಎಷ್ಟು ಗಟ್ಟಿ ಮನುಷ್ಯ, ಒಂದು ಹನಿ ಕಣ್ಣೀರಿಲ್ಲದೆ ಎಲ್ಲ ನೋಡಿಕೊಳ್ಳುತ್ತಿದ್ದಾನೆ ಅಂತ ಹೊಗಳಿ ಹೋದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಬಹಳ ಹೊತ್ತು ಕಾಲು ಮಡಿಸಿ ಕೂತರೆ ಜೋಮು ಹಿಡಿಯುತ್ತದಲ್ಲ, ಚಿವುಟಿದರೂ ಬೇರೆ ಯಾರದೋ ಕಾಲು ಅನ್ನಿಸುತ್ತದಲ್ಲ, ನನ್ನ ಮನಸ್ಸಿಗೆ ಹಾಗೆ ಆಗಿತ್ತು. ಬೆಳಿಗ್ಗೆ ಅನ್ನ ಸಾರು ಮಾಡುತ್ತಿದ್ದೆ, ಅವಳಿಗೆ ಬಡಿಸಿ ಅಂಗಡಿಗೆ ಹೋಗುತ್ತಿದ್ದೆ, ಸುಟ್ಟ ಮೋಟಾರು ಬಿಚ್ಚಿ ತಂತಿ ಸುತ್ತುತ್ತಿದ್ದೆ. ಸುತ್ತು ಎಣಿಸುವುದರಲ್ಲಿ ಒಂದು ಸಲವೂ ತಪ್ಪಲಿಲ್ಲ. ಸಾರಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ಅನ್ನುವುದು ಮಾತ್ರ ನನ್ನ ನಾಲಿಗೆಗೆ ತಿಳಿಯುತ್ತಿರಲಿಲ್ಲ.

ನಮ್ಮ ಕಾರು ಎತ್ತರದ್ದು. ತೋಟಗಳ ಕಾಲುದಾರಿಯಲ್ಲಿ ಮೋಟಾರು ಹೇರಿಕೊಂಡು ಬರಬೇಕು, ಎತ್ತರದ್ದೇ ಬೇಕು ಅಂತ ನಾನೇ ಹಟ ಹಿಡಿದು ತಂದದ್ದು. ಅವಳ ಕಾಲು ಮುರಿದ ಮೇಲೆ ಆ ಸೀಟಿಗೆ ಅವಳು ಹತ್ತುವಂತಿರಲಿಲ್ಲ. ಪ್ರತಿ ಸಲ ಆಸ್ಪತ್ರೆಗೆ ಹೋಗುವಾಗ ನಾನು ಕಂಕುಳಿಗೆ ಕೈ ಹಾಕಿ ಎತ್ತಿ ಕೂರಿಸುತ್ತಿದ್ದೆ. ಹೋದ ಮಾಘದಲ್ಲಿ ಆಸ್ಪತ್ರೆಯ ಗೇಟಿನ ಮುಂದೆ ಹಾಗೆ ಎತ್ತುವಾಗ ಸೀರೆ ಮೊಣಕಾಲಿನವರೆಗೆ ಸರಿದುಹೋಯಿತು. ಎಳನೀರು ಮಾರುವವನು, ಆಟೋದವರು, ಬಸ್ಸಿಗೆ ಕಾಯುತ್ತಿದ್ದವರು ಎಲ್ಲ ನೋಡಿದರು. ಯಾರೋ ಒಳ್ಳೆಯ ಮನಸ್ಸಿನಿಂದಲೇ ಓಡಿ ಬಂದು ಅವಳ ಕಾಲು ಹಿಡಿದು ಒಳಗೆ ತಳ್ಳಿದರು. ಮನೆಗೆ ಬಂದು ಮಂಚದ ಮೇಲೆ ಕೂತವಳು, "ಕಳ್ಳೇಕಾಯಿ ಮೂಟೆ ಆಗ್ಬುಟ್ಟೆ ನಾನು. ಇನ್ನೆಲ್ಲೂ ಬರಲ್ಲ" ಅಂದಳು. ಮೂರು ಮಾತು ಬಿಟ್ಟು ಅವಳು ಆಡಿದ ನಾಲ್ಕನೆಯ ಮಾತು ಅದು. ಅಲ್ಲಿಂದ ಐದು ತಿಂಗಳು ಹೊಸಿಲು ದಾಟಲಿಲ್ಲ.

ತವರಿಗೂ ಇಲ್ಲ. ಕಲ್ಯಾಣದುರ್ಗದಲ್ಲಿ ಅವಳ ತಾಯಿ ಇದ್ದಾಳೆ, ನನ್ನ ಅತ್ತೆ. ಮೊದಲೆರಡು ತಿಂಗಳು ನಮ್ಮ ಮನೆಯಲ್ಲೇ ಇದ್ದು ಮಗಳನ್ನು ನೋಡಿಕೊಂಡು, ತನ್ನ ಮಂಡಿನೋವು ಹೆಚ್ಚಾಗಿ ಮಗನ ಮನೆಗೆ ವಾಪಸಾದವಳು. ನಮ್ಮ ಕಡೆ ತವರಿಗೆ ಹೋದ ಹೆಣ್ಣುಮಗಳನ್ನು ದೇವರ ಗೂಡಿನ ಮುಂದೆ ಕೂರಿಸಿ ಸೆರಗಿಗೆ ಅಕ್ಕಿ, ಕೊಬ್ಬರಿ, ಬೆಲ್ಲ ಹಾಕಿ ಕಳಿಸುತ್ತಾರೆ, ಮಡಿಲಕ್ಕಿ. ಎರಡು ವರ್ಷದಿಂದ ಅದು ಬಾಕಿ. ನಾನೇ ತಂದು ಕೊಡುತ್ತೇನೆ ಅಂತ ಒಮ್ಮೆ ಅಂದಿದ್ದಕ್ಕೆ ಅವಳು ಗೋಡೆ ಕಡೆ ತಿರುಗಿ ಮಲಗಿದಳು. ಅವಳು ಒಂದು ಸಲ ತಾಯಿಯ ಮನೆಗೆ ಹೋಗಿ ಬಂದರೆ ಮತ್ತೆ ಸೊಪ್ಪಿನವಳ ಹತ್ತಿರ ಜಗಳವಾಡುತ್ತಾಳೆ ಅಂತ ನಾನು ಯಾಕೋ ನಂಬಿಕೊಂಡೆ. ನಂಬುವುದಕ್ಕೆ ಬೇರೆ ಏನೂ ಇರಲಿಲ್ಲ.

ನನ್ನ ಅಂಗಡಿಯ ಎದುರಿಗೆ ಒಬ್ಬ ಕಾರ್ ಮೆಕ್ಯಾನಿಕ್ ಇದ್ದಾನೆ, ಇಪ್ಪತ್ತು ವರ್ಷದ ಗೆಳೆಯ. ಒಂದು ದಿನ ಅವನ ಶೆಡ್ಡಿನಲ್ಲಿ ಇಳಿಸಿದ ಕಾರೊಂದು ನಿಂತಿತ್ತು. ನಾನು ಸುಮ್ಮನೆ ಹೋಗಿ ಅದರ ಸೀಟಿಗೆ ಟೇಪು ಹಿಡಿದೆ. ಅವತ್ತು ಸಂಜೆ ಮನೆಗೆ ಬಂದು ಹೆಂಡತಿ ಸ್ನಾನಕ್ಕೆ ಹೋಗಿದ್ದಾಗ ಅವಳ ಮಂಚ ಅಳೆದೆ. ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿದ ಮಂಚ ಅದು, ನೆಲದಿಂದ ಇಪ್ಪತ್ತೈದು ಇಂಚು. ಅಲ್ಲಿಂದ ದಿನಕ್ಕೆ ಹತ್ತು ಸಲ ಅವಳೇ ಕೂತು ಏಳುತ್ತಾಳೆ. ನಮ್ಮ ಕಾರಿನ ಸೀಟು ಇಪ್ಪತ್ತೆಂಟು. ಮೂರು ಇಂಚಿಗೆ ಒಂದು ಹೆಂಗಸಿನ ಮಾನ ಹೋಗುತ್ತಿತ್ತು. ಸೀಟಿನ ಅಡಿಯ ಪಟ್ಟಿ ತೆಗೆದರೆ ಒಂದು ಇಂಚು, ಸ್ಪ್ರಿಂಗ್ ಬದಲಾಯಿಸಿದರೆ ಎರಡು. ಲೆಕ್ಕ ಸರಿಹೋಯಿತು. ಮಾರನೆಯ ದಿನ ಮಧ್ಯಾಹ್ನ ಅವಳು ಮಲಗಿದ್ದಾಗ ಮೊಣಕಾಲಿನಿಂದ ಹಿಮ್ಮಡಿಯವರೆಗೂ ಟೇಪು ಹಿಡಿದು ನೋಡಿಕೊಂಡೆ. ನನ್ನ ಸ್ವಭಾವವೇ ಹಾಗೆ. ಬಾಯಿಗಿಂತ ಟೇಪಿನ ಮೇಲೆ ನನಗೆ ನಂಬಿಕೆ ಜಾಸ್ತಿ.

"ಏನಣ್ಣ, ಈ ವಯ್ಸಾಗೆ ಹೀರೋ ಆಗಕ್ಕೆ ಹೊಂಟ್ಯಾ?" ಅಂತ ಮೆಕ್ಯಾನಿಕ್ ನಕ್ಕ.

"ಸುಮ್ನೆ" ಅಂದೆ.

"ಊರೋರೆಲ್ಲ ಕಾರು ಎತ್ರ ಮಾಡ್ಸಕ್ಕೆ ಬತ್ತಾರೆ, ನೀನು ಇಳ್ಸಕ್ಕೆ ಬಂದ್ಬುಟ್ಟೆ. ಹಂಪ್ ಹಂಪಿಗೂ ಹೊಟ್ಟೆ ಉಜ್ತದೆ ಕಣಣ್ಣ. ತೋಟಗಳಿಗೆ ಎಂಗೆ ಹೋಯ್ತೀಯ?"

"ಸ್ಕೂಟರ್ ಐತಲ್ಲ."

ಅವನು ನನ್ನ ಮುಖ ನೋಡಿ ಮತ್ತೆ ನಗಲಿಲ್ಲ. ನಮ್ಮ ಕಾರಿಗೆ ಹೊಂದುವ ಗಿಡ್ಡ ಸ್ಪ್ರಿಂಗುಗಳನ್ನು ಬೆಂಗಳೂರಿನಿಂದ ತರಿಸಿಕೊಟ್ಟ. ಶೆಡ್ಡಿಗೆ ತಾ, ಅರ್ಧ ದಿನದಲ್ಲಿ ಹಾಕಿಕೊಡುತ್ತೇನೆ ಅಂದ. ನಾನು ಒಪ್ಪಲಿಲ್ಲ. ಅಲ್ಲಿಗೆ ಒಯ್ದರೆ ನಾಲ್ಕು ಜನ ಯಾಕೆ ಏನು ಅಂತ ಕೇಳುತ್ತಾರೆ, ಹೇಳಬೇಕಾಗುತ್ತದೆ. ತಾನು ಮಾಡೋದು ಉತ್ತಮ, ಮಗ ಮಾಡೋದು ಮಧ್ಯಮ, ಆಳು ಮಾಡೋದು ಹಾಳು ಅಂತ ನಮ್ಮಪ್ಪ ಹೇಳುತ್ತಿದ್ದ. ಅವನ ಕೆಲಸಗಳನ್ನು ನೋಡಿದವರಿಗೆ ಆ ಗಾದೆಯ ಮೇಲೆ ಅಷ್ಟೇನೂ ವಿಶ್ವಾಸ ಬರುತ್ತಿರಲಿಲ್ಲ, ಆದರೂ ನನಗೆ ಅದೇ ಬಾಯಿಗೆ ಬಂತು. ಮೆಕ್ಯಾನಿಕ್ ಸ್ಪ್ರಿಂಗ್ ಅದುಮುವ ಎರಡು ಕ್ಲಾಂಪುಗಳನ್ನು ಕೊಟ್ಟು, "ಇದು ದೆವ್ವ ಕಣಣ್ಣ. ಅದುಮಿರೋ ಸ್ಪ್ರಿಂಗು ಬಿಟ್ಕಂಡ್ರೆ ದವಡೆ ಹಾರೋಯ್ತದೆ. ಮುಖ ಮುಂದಕ್ಕಿಕ್ಬ್ಯಾಡ. ಇಕ್ಕಡ ನಾಕು ಸುತ್ತು, ಅಕ್ಕಡ ನಾಕು ಸುತ್ತು, ಸಮಸಮಕ್ಕೆ ಟೈಟ್ ಮಾಡು" ಅಂದ.

ಶನಿವಾರ ಬೆಳಿಗ್ಗೆ ಅಂಗಳದಲ್ಲಿ ಕೆಲಸ ಶುರು ಮಾಡಿದೆ. ಮುಂದಿನ ಚಕ್ರದ ನಟ್ಟುಗಳನ್ನು ಸಡಿಲಿಸಿ, ಜಾಕಿ ಕೊಟ್ಟು ಎತ್ತಿ, ಕೆಳಗೆ ಮೋಟಾರು ಇಳಿಸುವ ಮರದ ದಿಮ್ಮಿಗಳನ್ನು ಕೊಟ್ಟೆ. ಚಕ್ರ ಬಿಚ್ಚಿದರೆ ಒಳಗೆ ಶಾಕ್ ಅಬ್ಸಾರ್ಬರಿನ ಕಂಬ, ಅದನ್ನು ಸುತ್ತಿಕೊಂಡ ಸ್ಪ್ರಿಂಗು, ಎಂಟು ವರ್ಷದ ಕೆಂಪು ಧೂಳು. ಬ್ರೇಕಿನ ಪೈಪನ್ನು ಪಕ್ಕಕ್ಕೆ ಕಟ್ಟಿ, ಕೆಳಗಿನ ಎರಡು ಬೋಲ್ಟು, ಬಾನೆಟ್ಟಿನೊಳಗಿನ ಮೂರು ನಟ್ಟು ಬಿಚ್ಚಿ ಇಡೀ ಕಂಬವನ್ನು ಹೊರಗೆಳೆದೆ. ಬೋಲ್ಟುಗಳು ತುಕ್ಕು ಹಿಡಿದು ಕೂತಿದ್ದವು. ಒಂದಕ್ಕೆ ಸೀಮೆಎಣ್ಣೆ ಬಿಟ್ಟು ಅರ್ಧ ಗಂಟೆ ಕಾದೆ, ಆಮೇಲೆ ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಕಾಲಿನಿಂದ ತುಳಿದೆ.

ನಾವು ಅಂಗಳ ಅನ್ನುವುದು ಮಂಚದ ಕೋಣೆಯ ಕಿಟಕಿಯ ಎದುರಿಗೇ ಇರುವ ಸಿಮೆಂಟು ನೆಲ. ಹೆಂಡತಿ ಕಿಟಕಿಯ ಸರಳು ಹಿಡಿದು ಕೂತು ನೋಡುತ್ತಿದ್ದಳು. ಏನು ಮಾಡುತ್ತಿದ್ದೀಯ ಅಂತ ಕೇಳಲಿಲ್ಲ. ನಾನೂ ಹೇಳಲಿಲ್ಲ. ಮುಗಿಸಿದ ಮೇಲೆ ಬಾಗಿಲು ತೆಗೆದು ನಿಲ್ಲಿಸೋಣ, ಅವಳೇ ನೋಡಿ ಅರ್ಥ ಮಾಡಿಕೊಳ್ಳುತ್ತಾಳೆ ಅಂತ ನನ್ನ ಲೆಕ್ಕ.

ಕ್ಲಾಂಪುಗಳನ್ನು ಸ್ಪ್ರಿಂಗಿನ ಎರಡು ಕಡೆ ಹಾಕಿ, ಈ ಕಡೆ ನಾಲ್ಕು ಸುತ್ತು, ಆ ಕಡೆ ನಾಲ್ಕು ಸುತ್ತು ಬಿಗಿಯುತ್ತಾ ಹೋದೆ. ಸ್ಪ್ರಿಂಗು ಕಿರುಗುಟ್ಟುತ್ತಾ ಗಿಡ್ಡವಾಯಿತು. ಮೇಲಿನ ನಟ್ಟು ಬಿಚ್ಚುವ ಹೊತ್ತಿಗೆ ಒಂದು ಕ್ಲಾಂಪು ಅರ್ಧ ಬೆರಳಿನಷ್ಟು ಜಾರಿತು. ಕಬ್ಬಿಣ ಕಬ್ಬಿಣಕ್ಕೆ ಹೊಡೆದ ಶಬ್ದ ಬೀದಿಯ ಕೊನೆಯವರೆಗೂ ಕೇಳಿಸಿರಬೇಕು, ಎದುರುಮನೆಯವರು ಬಾಗಿಲಿಗೆ ಬಂದರು. ನನ್ನ ಹೆಬ್ಬೆರಳಿನ ಉಗುರು ನೀಲಿಯಾಗಿತ್ತು. ನಾನು ಅದನ್ನೇ ನೋಡುತ್ತಾ ನಿಂತೆ. ಹೆದರಿಕೆಯಾಗಬೇಕಿತ್ತು, ನೋವಾಗಬೇಕಿತ್ತು. ಒಂದು ಇಂಚು ಹೆಚ್ಚು ಜಾರಿದ್ದರೆ ಗತಿ ಏನು ಅಂತ ಯೋಚಿಸಿದೆ, ಆ ಯೋಚನೆಯೂ ಬೇರೆ ಯಾರ ವಿಷಯವೋ ಅನ್ನಿಸಿತು. ಕಿಟಕಿ ನೋಡಿದರೆ ಅವಳು ಎದ್ದು ನಿಂತಿದ್ದಳು.  ನಾನು ಕ್ಲಾಂಪು ಸರಿ ಮಾಡಿ ಮತ್ತೆ ಬಿಗಿದೆ.

ಬಿಚ್ಚಿದ ಸ್ಪ್ರಿಂಗಿನ ಪಕ್ಕದಲ್ಲಿ ಹೊಸದನ್ನು ಇಟ್ಟು ನೋಡಿದರೆ ಒಂದು ಹಿಡಿಯಷ್ಟು ವ್ಯತ್ಯಾಸ. ಹೊಸದರ ತುದಿಯನ್ನು ತಟ್ಟೆಯ ತೋಡಿನಲ್ಲಿ ಸರಿಯಾಗಿ ಕೂರಿಸಬೇಕು, ಇಲ್ಲದಿದ್ದರೆ ಓಡುವಾಗ ಲಟಲಟ ಅನ್ನುತ್ತದೆ. ಒಂದನ್ನು ತಲೆಕೆಳಗಾಗಿ ಹಾಕಿ, ಎಲ್ಲ ಬಿಗಿದ ಮೇಲೆ ಗೊತ್ತಾಗಿ, ಮತ್ತೆ ಬಿಚ್ಚಿದೆ. ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವನಿಗೆ ಇಂಥ ಶಿಕ್ಷೆಗಳು ದೇವರೇ ಕೊಡುತ್ತಾನೆ. ಹಿಂದಿನವು ಸುಲಭ. ಶಾಕಿನ ಕೆಳಗಿನ ಬೋಲ್ಟು ತೆಗೆದು ಅಚ್ಚನ್ನು ಜಾಕಿಯ ಮೇಲೆ ಮೆಲ್ಲಗೆ ಇಳಿಸಿದರೆ ಸ್ಪ್ರಿಂಗು ತಾನಾಗಿ ಕೈಗೆ ಬರುತ್ತದೆ. ಭಾನುವಾರ ಸಂಜೆಗೆ ನಾಲ್ಕೂ ಮುಗಿದವು. ಕಾರನ್ನು ನೆಲಕ್ಕಿಳಿಸಿ, ಅದರ ಭಾರ ಚಕ್ರದ ಮೇಲೆ ಬಿದ್ದ ಮೇಲೆ ಕೊನೆಯ ಬೋಲ್ಟುಗಳನ್ನು ಬಿಗಿದೆ. ಸೀಟಿನ ಅಡಿಯ ಪಟ್ಟಿಯನ್ನೂ ತೆಗೆದೆ. ಟೇಪು ಹಿಡಿದರೆ ಇಪ್ಪತ್ತೈದು, ಕೂದಲೆಳೆಯ ವ್ಯತ್ಯಾಸವಿಲ್ಲ. ಸೋಮವಾರ ಮೆಕ್ಯಾನಿಕ್ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿ ತಂದು ಕೊಟ್ಟ, ಕೆಲಸ ಪರವಾಗಿಲ್ಲ ಅಂದ.

ಮಂಗಳವಾರ ಅಂಗಡಿಗೆ ಹೋಗುವ ಮುಂಚೆ ಕಾರಿನ ಎಡಗಡೆಯ ಬಾಗಿಲು ತೆಗೆದು ನಿಲ್ಲಿಸಿ, ನಾನು ಸುಮ್ಮನೆ ಜಗುಲಿಯಲ್ಲಿ ಕೂತೆ. ಸುಮಾರು ಹೊತ್ತು ಕಳೆಯಿತು. ಹೊಸಿಲಿನ ಹತ್ತಿರ ವಾಕರಿನ ಸದ್ದಾಯಿತು. ಅವಳು ನನ್ನ ಕಡೆ ನೋಡದೆ, ಹೊಸಿಲು ದಾಟಿ, ವಾಕರಿಗಾಗಿ ಹಾಕಿಸಿದ್ದ ಸಿಮೆಂಟಿನ ಇಳಿಜಾರಿನಲ್ಲಿ ಒಂದೊಂದೇ ಹೆಜ್ಜೆ ಇಟ್ಟು ಕಾರಿನ ಹತ್ತಿರ ಹೋದಳು. ಬೆನ್ನು ಮಾಡಿ ನಿಂತು, ಹಿಂದಕ್ಕೆ ಕೈ ಚಾಚಿ ಸೀಟು ಮುಟ್ಟಿ ನೋಡಿ, ಕೂತಳು. ಸರಾಗವಾಗಿ, ಮಂಚದ ಮೇಲೆ ಕೂತ ಹಾಗೆಯೇ. ಕೈಯಿಂದ ಎಡಗಾಲನ್ನು ಎತ್ತಿ ಒಳಗಿಟ್ಟುಕೊಂಡಳು. ಒಂದು ನಿಮಿಷ ಎದುರಿನ ಗಾಜಿನಾಚೆ ನೋಡಿದಳು. ಮತ್ತೆ ಕಾಲು ಹೊರಗಿಟ್ಟು, ಬಾಗಿಲು ಹಿಡಿದು, ಎದ್ದು ನಿಂತಳು.

"ಭಾನುವಾರ ಅಮ್ಮನ ಮನೆಗೆ ಹೋಗಾನ" ಅಂದಳು.

"ಊಂ" ಅಂದೆ. ಈ ಒಂದು ಗಳಿಗೆಗಾಗಿ ಎರಡು ತಿಂಗಳು ಒದ್ದಾಡಿದ್ದೆ. ಸಂತೋಷ ಬರುತ್ತದೆ ಅಂತ ಕಾದೆ. ಅಂಗಡಿಗೆ ಹೊತ್ತಾಯಿತು ಅಂತ ಮಾತ್ರ ಅನ್ನಿಸಿತು, ಹೊರಟುಹೋದೆ.

ಭಾನುವಾರ ಬೆಳಿಗ್ಗೆಯೇ ಹೊರಟೆವು. ಮಡಕಶಿರಾ ದಾಟಿ ಪಾವಗಡದ ಮೇಲೆ ಹೋಗುವ ದಾರಿ. ಮೆಕ್ಯಾನಿಕ್ ಹೇಳಿದ ಹಾಗೆ ಪ್ರತಿ ಊರಿನ ಹಂಪಿಗೂ ಕಾರಿನ ಹೊಟ್ಟೆ ಉಜ್ಜಿತು. ನಾನು ಒಂದೊಂದು ಹಂಪನ್ನೂ ಓರೆಯಾಗಿ, ಒಂದು ಚಕ್ರದ ಹಿಂದೆ ಇನ್ನೊಂದನ್ನು ಹತ್ತಿಸಿ ದಾಟಿಸುತ್ತಿದ್ದೆ; ಹಿಂದೆ ಬರುವ ಬೈಕಿನವರು ಹಾರ್ನ್ ಹೊಡೆದು ಬೈಯುತ್ತಿದ್ದರು. ಅವಳು ಹಸಿರು ರೇಷ್ಮೆ ಅಂಚಿನ ಸೀರೆ ಉಟ್ಟಿದ್ದಳು, ತಲೆಗೆ ಕನಕಾಂಬರ ಮುಡಿದಿದ್ದಳು. ವಾಕರನ್ನು ಹಿಂದಿನ ಸೀಟಿನಲ್ಲಿ ಹಾಕಿದ್ದೆವು. ಬೋರ್ಡುಗಳು ತೆಲುಗಿನಿಂದ ಕನ್ನಡಕ್ಕೆ ಬಂದು ಮತ್ತೆ ತೆಲುಗಿಗೆ ಹೋದವು. ಕಂಬದೂರು ಹತ್ತಿರ ಬರುವಾಗ ಅವಳು ಕಿಟಕಿ ಇಳಿಸಿ, "ಕಳ್ಳೇಕಾಯಿ ಮೊಳ್ಕೆ ಈ ಕಡೆ ಚೆಂದಾಗ್ ಬಂದೈತೆ" ಅಂದಳು. ಯಾವ ಅಗತ್ಯವೂ ಇಲ್ಲದೆ ಅವಳು ಒಂದೂವರೆ ವರ್ಷದ ಮೇಲೆ ಆಡಿದ ಮಾತು. ನಾನು ಹೌದು ಅಂದೆ. 

ಕಲ್ಯಾಣದುರ್ಗದ ಅತ್ತೆಯ ಮನೆ ಇರುವುದು ಇಕ್ಕಟ್ಟಾದ ಬೀದಿಯಲ್ಲಿ. ಬಲಗಡೆ ಉದ್ದಕ್ಕೂ ಗೋಡೆ, ಎಡಗಡೆ ಮನೆಗಳು. ಬೀದಿಗೆ ತಿರುಗಿದ ಕೂಡಲೇ ನಾನು ಬ್ರೇಕು ಒತ್ತಿದೆ. ನಾವು ಬಾರದ ಕಾಲದಲ್ಲಿ ಮನೆಗಳ ಮುಂದೆ ಹೊಸ ಚರಂಡಿ ಕಟ್ಟಿದ್ದರು. ಅದರ ಮೇಲೆ ಬೀದಿಯ ಈ ತುದಿಯಿಂದ ಆ ತುದಿಯವರೆಗೂ ಬಂಡೆ ಚಪ್ಪಡಿ ಹಾಸಿತ್ತು, ರಸ್ತೆಯಿಂದ ಒಂದು ಗೇಣು ಎತ್ತರಕ್ಕೆ. ಬೇರೆ ದಾರಿಯಿಲ್ಲದೆ ಅತ್ತೆಯ ಮನೆಯ ಮುಂದೆ ಚಪ್ಪಡಿಗೆ ಒತ್ತಿ ಕಾರು ನಿಲ್ಲಿಸಿದೆ. ಅತ್ತೆ ಬಾಗಿಲಲ್ಲೇ ಕಾದಿದ್ದಳು, ಮಂಡಿ ಹಿಡಿದುಕೊಂಡು ಬಂದು, "ರಾ ತಲ್ಲಿ, ಬಾ" ಅಂತ ತಾನೇ ಬಾಗಿಲು ತೆಗೆದಳು.

ಹೆಂಡತಿ ಕಾಲುಗಳನ್ನು ಹೊರಗಿಟ್ಟಳು. ಪಾದ ಊರಿದ್ದು ಎತ್ತ‌ರದ ಬಂಡೆಯ ಮೇಲೆ, ಕೂತಿದ್ದು ಇಳಿಸಿದ ಸೀಟಿನಲ್ಲಿ. ಮೊಣಕಾಲು ಎದೆಯ ಹತ್ತಿರಕ್ಕೆ ಬಂತು. ನಮ್ಮ ಅಂಗಳದಲ್ಲಿ ಇಪ್ಪತ್ತೈದು ಇಂಚಿದ್ದದ್ದು ಇಲ್ಲಿ ಹದಿನಾರು. ಅವಳು ಬಾಗಿಲು ಹಿಡಿದು ಎದ್ದೇಳಲು ನೋಡಿದಳು, ಅರ್ಧಕ್ಕೆ ಕುಸಿದು ಕೂತಳು. ಮತ್ತೊಮ್ಮೆ ನೋಡಿದಳು. ಮೂರನೆಯ ಸಲ ಎಡಗಾಲು ನಡುಗಿತು. ಕಾರು ಮೊದಲಿನ ಎತ್ತರದಲ್ಲೇ ಇದ್ದಿದ್ದರೆ ಕಷ್ಟಪಟ್ಟಾದರೂ ಇಲ್ಲಿ ಎದ್ದು ನಿಲ್ಲುತ್ತಿದ್ದಳು. ಅವಳು ಹತ್ತುವುದನ್ನಷ್ಟೇ ನೋಡಿ, ಇಳಿಯುವ ಊರನ್ನು ನಾನು ನೋಡಿಯೇ ಇರಲಿಲ್ಲ.

ಅಕ್ಕಪಕ್ಕದ ಮನೆಯ ಹೆಂಗಸರು ಬಾಗಿಲಿಗೆ ಬಂದರು. "ಬ್ಯಾಡ ಬಿಡಮ್ಮ, ಕಷ್ಟ ಪಡ್ಬ್ಯಾಡ. ಕಾರಾಗೇ ಕುಂತ್ಕ. ಮಡಿಲಕ್ಕಿ ಇಲ್ಲೇ ತಂದು ಹಾಕ್ತೀನಿ, ದೇವ್ರು ಏನೂ ಅನ್ಕಣಲ್ಲ" ಅಂದಳು ಅತ್ತೆ. ಹೆಂಡತಿ ತಲೆ ಅಲ್ಲಾಡಿಸಿದಳು. ನಾನು ಕಾರು ಸುತ್ತಿ ಬಂದು, "ಕಾಲು ಒಳಗಿಟ್ಕ. ಮೇನ್ ರೋಡಿಗೆ ಹೋಗಾನ, ಅಲ್ಲಿ ಸಮ ಐತೆ. ಅಲ್ಲಿ ಇಳ್ಸಿ ನಡ್ಸ್ಕಂಡ್ ಬತ್ತೀನಿ" ಅಂದು ಅವಳ ಕಾಲಿಗೆ ಕೈ ಹಾಕಿದೆ.

"ಮುಟ್ಬ್ಯಾಡ" ಅಂದಳು.

ದನಿ ಏರಿರಲಿಲ್ಲ. 

"ಕೇಳಿದ್ಯಾ ನನ್ನ?" ಅಂದಳು. "ಮಂಚ ಅಳ್ದೆ, ಸ್ನಾನ ಮುಗ್ಸಿ ಬಂದ್ರೆ ಟೇಪು ಅದ್ರ ಮ್ಯಾಲೇ ಇತ್ತು. ಕಾರು ಅಳ್ದೆ. ಮಲ್ಗಿದ್ರೆ ನನ್ ಕಾಲೂ ಅಳ್ದೆ, ನಂಗೇನು ನಿದ್ದೆ ಬಂದಿರ್ಲಿಲ್ಲ. ಎಲ್ಡು ದಿನ ಕಿಟ್ಕೀಲಿ ಕುಂತಿದ್ದೆ. ಹಿಂಗ್ ಮಾಡ್ತಿದೀನಿ ಕಣಮ್ಮ, ಸರೀನಾ ಅಂತ ಬಾಯ್ಬುಟ್ಟು ಒಂದ್ ಮಾತು ಕೇಳಿದ್ಯಾ? ಚರಂಡಿ ಕಟ್ಟಿ ಬಂಡೆ ಹಾಕವ್ರೆ, ಗೇಣುದ್ದ ಎತ್ರ ಐತೆ ಅಂತ ಅಮ್ಮ ಯುಗಾದಿಗೇ ಫೋನಾಗೆ ಹೇಳಿದ್ಲು. ಕೇಳಿದ್ರೆ ಹೇಳ್ತಿದ್ದೆ."

"ಗೊತ್ತಾಗ್ಲಿಲ್ಲ" ಅಂದೆ.

"ಗೊತ್ತಾಗಕ್ಕೆ ಕೇಳ್ಬೇಕು ಬಾವ. ಅವತ್ತೂ ಹಂಗೇ ಮಾಡ್ದೆ. ನಿಲ್ಸು ಅಂದೆ. ಎಲ್ಡು ಸಲ ಅಂದೆ. ನೀನು ನಿಲ್ಲಿಸ್ನಿಲ್ಲ."

ಎರಡು ಸಲ. ಡಾಕ್ಟರಿಗೆ, ನೆಂಟರಿಗೆ, ಮಗಳಿಗೆ ಹೇಳುವಾಗೆಲ್ಲ ಆ ಮಾತನ್ನೇ ನುಂಗಿಕೊಂಡಿದ್ದೆ. ನನಗೆ ನಾನು ಹೇಳಿಕೊಳ್ಳುವಾಗ ಅವಳು ಒಂದು ಸಲ ಅಂದಳು ಅಂತಲೇ ಹೇಳಿಕೊಳ್ಳುತ್ತಿದ್ದೆ, ಇಲ್ಲಿ ಮೇಲೆ ಬರೆಯುವಾಗಲೂ ಹಾಗೆಯೇ ಬರೆದಿದ್ದೇನೆ. ಎರಡನೆಯದು ಗಾಳಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಮರೆತೆನೋ, ಈಗಲೂ ನನಗೆ ತಿಳಿಯದು. ಎದೆಯೊಳಗೆ ಉರಿ ಎದ್ದಿತು. ಬಹಳ ನೋವಾಯಿತು. ಕಲ್ಯಾಣದುರ್ಗದ ಆ ಬೀದಿಯಲ್ಲಿ, ಅಷ್ಟು ಹೆಂಗಸರ ಮುಂದೆ, ನನಗೆ ಅಳು ಬಂದುಬಿಟ್ಟಿತು. ತಡೆಯಲು ನೋಡಿದೆ, ಆಗಲಿಲ್ಲ. ಕಾರಿನ ಬಾಗಿಲು ಹಿಡಿದು ನಿಂತು ಬಿಕ್ಕಿದೆ.

ಅವಳು ಸಮಾಧಾನ ಮಾಡಲಿಲ್ಲ. ನಾನು ಮುಗಿಸುವವರೆಗೂ ಕಾದಳು. ಆಮೇಲೆ, "ಅಳೋದು ಇರ್ಲಿ. ಈಗ ಕೇಳು" ಅಂದಳು.

ಮೂಗು ಒರೆಸಿಕೊಂಡೆ. "ಎಂಗೆ ಇಳೀತೀಯ? ನಾನೇನ್ ಮಾಡ್ಲಿ?"

ಅವಳು ಬಂಡೆ ನೋಡಿದಳು, ಬಾಗಿಲು ನೋಡಿದಳು, ತನ್ನ ಕಾಲು ನೋಡಿದಳು. ನನ್ನ ಹಾಗೆ ಟೇಪು ಹಿಡಿಯಲಿಲ್ಲ. "ನನ್ ಮುಂದೆ ಬಂಡೆ ಮ್ಯಾಲೆ ನಿಂತ್ಕ. ಕೈ ಎಲ್ಡೂ ಮುಂದಕ್ಕೆ ಚಾಚು. ಎತ್ಬ್ಯಾಡ, ಎಳೀಬ್ಯಾಡ. ನಾನು ಹಿಡ್ಕಂತೀನಿ. ನಾನ್ ಹೇಳೋಗಂಟ ಅಲ್ಲಾಡ್ಬ್ಯಾಡ" ಅಂದಳು.

ನಿಂತೆ. ಅವಳು ನನ್ನ ಎರಡೂ ಮೊಣಕೈಗಳ ಕೆಳಗೆ ಹಿಡಿದುಕೊಂಡು ಮುಂದಕ್ಕೆ ಬಾಗಿದಳು. ಮೊದಲ ಸಲ ಆಗಲಿಲ್ಲ. ಅತ್ತೆ ಕೈ ಕೊಡಲು ಬಂದಾಗ, "ಇರಮ್ಮ" ಅಂದಳು. ಸೀಟಿನ ಅಂಚಿಗೆ ಜರುಗಿ, ಬಲಗಾಲನ್ನು ಹಿಂದಕ್ಕೆ ಎಳೆದುಕೊಂಡು, ಮತ್ತೆ ಹಿಡಿದಳು. ಅವಳ ಉಗುರು ನನ್ನ ತೋಳಿಗೆ ನಾಟಿ ಚರ್ಮ ಕಿತ್ತು ಬಂತು. ನಾನು ಕಲ್ಲಿನ ಹಾಗೆ ನಿಂತೆ. ಎತ್ತಿಬಿಡಬೇಕು ಅಂತ ಕೈ ತುಡಿಯುತ್ತಿತ್ತು, ಎತ್ತಲಿಲ್ಲ. ಅವಳ ಹಣೆಯಲ್ಲಿ ಬೆವರು ಮೂಡಿತು, ಕನಕಾಂಬರದ ದಂಡೆ ಜಾರಿ ಹೆಗಲಿಗೆ ಬಿತ್ತು. ಅವಳ ಭಾರವೆಲ್ಲ ಒಂದು ಕ್ಷಣ ನನ್ನ ಕೈಗೆ ಬಂತು, ಮತ್ತೆ ಅವಳ ಕಾಲಿಗೆ ಹೋಯಿತು. ಎದ್ದು ನಿಂತಳು.

ನನ್ನ ಎದೆಯ ಹತ್ತಿರ ಏದುಸಿರು ಬಿಡುತ್ತಾ ನಿಂತಿದ್ದಳು. ಅತ್ತೆ ವಾಕರ್ ತಂದು ಪಕ್ಕದಲ್ಲಿಟ್ಟಳು.

"ಬಿಡ್ಲಾ?" ಅಂತ ಕೇಳಿದೆ.

ಅವಳು ವಾಕರಿನ ಕಡೆ ಒಮ್ಮೆ ನೋಡಿದಳು.

"ಬ್ಯಾಡ, ಇರು" ಅಂದಳು.